ಬೇಡವೆನ್ನಲು ಅಧಿಕಾರಿ ಯಾರು?

ಶಾಸ್ತ್ರಗ್ರಂಥಗಳ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ನಿರ್ಣಯಿಸುವ ಪದ್ಧತಿಯುಂಟು. ಇಲ್ಲಿ ಅಧಿಕಾರಿಯೆಂದರೆ ಆಳುವವನಲ್ಲ. ಆ ಕಾರ್ಯಕ್ಕೆ ತಕ್ಕ ಯೋಗ್ಯತೆಯುಳ್ಳವನು. ಗ್ರಂಥಾಧ್ಯಯನಕ್ಕೆ ಮಾತ್ರವಲ್ಲದೆ ಬದುಕಿನ ಕಾರ್ಯಗಳಿಗೂ ಈ ವಿಚಾರವು ಸಲ್ಲುವುದು. ಕೊಲ್ಲಲು ಹೊರಟವನನ್ನು ತಡೆದು ‘ಬೇಡ’ ಎನ್ನುವುದಕ್ಕೆ ಅಧಿಕಾರಿ ಯಾರು? ಎಂದೂ ಯಾರ ಮೇಲೂ ಕೈಯೆತ್ತದ ಸಜ್ಜನನೇ ಎಂದು ಲೋಕವು ಒಡನೆಯೇ ಉತ್ತರಿಸುವುದು. ಅಮೆರಿಕಾ ದೇಶದ ಕೆಲವು ನಗರಗಳ ಅನುಭವವು ಈ ಉತ್ತರವನ್ನು ಮರಳಿ ಪರೀಕ್ಷಿಸುವಂತೆ ಮಾಡಿದೆ.

ಚಿಕಾಗೋ ನಗರದ ಬಡ ಬಡಾವಣೆಗಳಲ್ಲಿ ಪುಂಡರ ತಂಡಗಳ ವೈರವು ಬಹುಕಾಲದಿಂದ ಬೇರೂರಿದೆ. ಆಫ್ರಿಕಾ ಖಂಡದಲ್ಲಿ ಕಾಲರಾ, ಏಡ್ಸ್ ಮೊದಲಾದ ರೋಗಗಳನ್ನು ತಡೆಯುವ ಕಾರ್ಯದಲ್ಲಿದ್ದ ಗ್ಯಾರಿ ಸ್ಲಟ್ಕಿನ್ ಎಂಬ ವೈದ್ಯರು 1990ರ ದಶಕದ ಮಧ್ಯದಲ್ಲಿ ಸ್ವದೇಶಕ್ಕೆ ಮರಳಿದಾಗ, ಒಂದು ಕೊಲೆಯಿಂದ ಮತ್ತೊಂದು ಹುಟ್ಟುವ ಬಗೆಯು ಸಾಂಕ್ರಾಮಿಕವು ಹಬ್ಬುವ ಬಗೆಯಂತೆಯೇ ಅವರಿಗೆ ಕಂಡಿತು. 2000ದಲ್ಲಿ ವೆಸ್ಟ್ ಗಾರ್‌ಫೀಲ್ಡ್ ಪಾರ್ಕ್ ಎಂಬ ಭಾಗದಲ್ಲಿ ‘ಸೀಸ್‌ಫೈರ್’ ಎಂಬ ಯೋಜನೆ ಆರಂಭವಾಯಿತು. 2004ರಿಂದ, ವೈರಿಗಳ ನಡುವೆ ನಿಂತು ಹಿಂಸೆಯನ್ನು ತಡೆಯುವ ಮಧ್ಯಸ್ಥರನ್ನು ನೇಮಿಸಲಾಯಿತು. ಇವರಲ್ಲಿ ಹೆಚ್ಚಿನವರು ತಾವೇ ಹಿಂದೆ ಅಂತಹ ತಂಡಗಳಲ್ಲಿದ್ದು ಸೆರೆಮನೆಯನ್ನು ಕಂಡವರು.

ಇಂಥವರನ್ನೇ ಆರಿಸಿದುದೇಕೆ? ಗುಂಡೇಟು ತಿಂದವನು ಆಸ್ಪತ್ರೆಯಲ್ಲಿ ಮಲಗಿರುವಾಗ ಅವನ ತಮ್ಮನೂ ಗೆಳೆಯರೂ ಹೊರಗೆ ನಿಂತು ಸೇಡಿನ ಮಾತಾಡುತ್ತಿರುವರು. ಆ ಒಂದೆರಡು ಗಳಿಗೆಗಳಲ್ಲಿ ಯಾರಾದರೂ ಅವರನ್ನು ತಡೆಯಬೇಕು. ಉಪದೇಶಕನ ಮಾತು ಅವರ ಕಿವಿಗೆ ಬೀಳದು. ಪೋಲೀಸರನ್ನು ಕಂಡರೆ ಅವರು ಬಾಯಿ ಮುಚ್ಚುವರು. ಆದರೆ ಅದೇ ಬೀದಿಯಲ್ಲಿ ಬೆಳೆದು, ಅದೇ ಸೇಡನ್ನು ತೀರಿಸಿ, ಅದಕ್ಕಾಗಿ ಹತ್ತಾರು ವರ್ಷಗಳನ್ನು ಸೆರೆಯಲ್ಲಿ ಕಳೆದವನು ಬಂದು “ತಮ್ಮಾ, ನಿಲ್ಲು, ಇದರ ಕೊನೆ ನನಗೆ ಗೊತ್ತು” ಎಂದರೆ ಆ ಮಾತಿಗೆ ತೂಕವುಂಟು.

ಹಾಗಾದರೆ ಪಾಪವೇ ಯೋಗ್ಯತೆಯಾಯಿತೆ ಎಂಬ ಆಕ್ಷೇಪವು ಸಹಜವಾಗಿಯೇ ಏಳುವುದು. ಹಾಗಲ್ಲ. ಹಿಂದಿನ ಬದುಕು ಬಾಗಿಲನ್ನು ತೆರೆಸುವುದಷ್ಟೇ. ಒಳಹೊಕ್ಕ ಮೇಲೆ ಏನು ನುಡಿಯಬೇಕೆಂಬುದನ್ನು ಅದು ಕಲಿಸದು. ಅದಕ್ಕೆ ಶಿಕ್ಷಣ ಬೇಕು. ಲಾಸ್ ಏಂಜಲೀಸ್ ನಗರದಲ್ಲಿಯೂ ಇಂತಹ ಕಾರ್ಯಕರ್ತರಿಗಾಗಿಯೇ ತರಬೇತಿಯ ವ್ಯವಸ್ಥೆಯಾಗಿದೆ. ಈ ಬಗೆಯ ತರಬೇತಿಯಲ್ಲಿ ಒಬ್ಬನು ಸಿಟ್ಟಿಗೆದ್ದ ತರುಣನಾಗಿ, ಮತ್ತೊಬ್ಬನು ಮಧ್ಯಸ್ಥನಾಗಿ ಅಭಿನಯಿಸಿ, ದನಿಯೇರಿಸದೆ ಕೇಳುವುದನ್ನೂ, ಎದುರಿನವನಿಗೆ ಮಾನಭಂಗವಾಗದಂತೆ ಹಿಂದೆಗೆಯುವ ದಾರಿ ತೋರುವುದನ್ನೂ ಅಭ್ಯಾಸ ಮಾಡುವರು. ಸುಳ್ಳು ಸುದ್ದಿಯನ್ನು ಅಡಗಿಸುವುದು, ಶವಸಂಸ್ಕಾರದ ವೇಳೆ ಕಾವಲಿರುವುದು, ಗಾಯಾಳುವಿನ ಮನೆಯವರನ್ನು ಸಂತೈಸುವುದು, ಹಳೆಯ ತಂಡದ ಪಕ್ಷ ವಹಿಸದಿರುವುದು, ಇವೆಲ್ಲವೂ ಅಲ್ಲಿ ಕಲಿಯತಕ್ಕ ವಿಷಯಗಳೇ. ಎಲ್ಲಕ್ಕಿಂತ ಕಠಿನವಾದುದು ತನ್ನನ್ನು ತಾನು ತಡೆದುಕೊಳ್ಳುವುದು. ಪರರ ಕೋಪವನ್ನು ಇಳಿಸಹೋದವನಲ್ಲಿ ಹಳೆಯ ಕೋಪವು ಮರಳಿ ಎದ್ದರೆ ಎರಡು ಮನೆಗಳೂ ಉರಿಯುವುವು.

ಇನ್ನೊಂದು ಧರ್ಮಸಂಕಟವೂ ಇದೆ. ಈ ಕಾರ್ಯಕರ್ತರು ತಾವು ಕೇಳಿದುದನ್ನು ಪೋಲೀಸರಿಗೆ ತಿಳಿಸುವವರಲ್ಲ. ಇದು ಅಪರಾಧವನ್ನು ಮುಚ್ಚಿಟ್ಟಂತಾಗದೆ ಎಂದು ಕೇಳುವವರುಂಟು. ಆದರೆ ಒಂದು ಸಲ ದೂರು ಹೇಳುವವನೆಂದು ಹೆಸರಾದರೆ ಮುಂದಿನ ಕೊಲೆಯ ಸುಳಿವು ಅವನಿಗೆ ಸಿಕ್ಕದು. ಆದ ಕೊಲೆಗೆ ನ್ಯಾಯ ಕೇಳುವುದು ರಾಜ್ಯದ ಕಾರ್ಯ. ಆಗಲಿರುವ ಕೊಲೆಯನ್ನು ನಿಲ್ಲಿಸುವುದು ಇವರ ಕಾರ್ಯ. ಎರಡೂ ಬೇಕು, ಒಬ್ಬನೇ ಎರಡನ್ನೂ ಮಾಡಲಾರನು. ಆದರೂ ಮಗನನ್ನು ಕಳೆದುಕೊಂಡ ತಾಯಿಗೆ ಈ ಉತ್ತರವು ಪೂರ್ಣ ಸಮಾಧಾನವನ್ನು ಕೊಡದೆಂಬುದನ್ನು ಒಪ್ಪಲೇಬೇಕು.

ಈ ಮಾರ್ಗದ ಫಲವು ಎಲ್ಲೆಡೆಯೂ ಒಂದೇ ತೆರನಾಗಿಲ್ಲ. ಕೆಲವು ಬಡಾವಣೆಗಳಲ್ಲಿ ಗುಂಡಿನ ಪ್ರಕರಣಗಳು ಇಳಿದುದನ್ನು ಸಂಶೋಧಕರು ಕಂಡಿದ್ದಾರೆ. ಕೆಲವೆಡೆ ಬದಲಾವಣೆ ಕಾಣಲಿಲ್ಲ. ಕಾರ್ಯಕರ್ತರಲ್ಲಿ ಮರಳಿ ಜಾರಿದವರೂ ಉಂಟು. ಆದರೆ ನಿಂತವರು ತೆತ್ತ ಬೆಲೆಯನ್ನೂ ಎಣಿಸಬೇಕು. ಬಾಲ್ಟಿಮೋರ್ ನಗರದಲ್ಲಿ 2007ರಿಂದ ನಡೆದುಬಂದ ‘ಸೇಫ್ ಸ್ಟ್ರೀಟ್ಸ್’ ಯೋಜನೆಯ ಮೂವರು ಕಾರ್ಯಕರ್ತರು 2021ರ ಜನವರಿಯಿಂದ 2022ರ ಜನವರಿಯೊಳಗೆ ಗುಂಡಿಗೆ ಬಲಿಯಾದರು. ಹೀಗೆ ಪ್ರಾಣವನ್ನು ಪಣವಾಗಿಡುವವರನ್ನು ಸಮಾಜವು ನಡೆಸಿಕೊಂಡ ಬಗೆ ಹೇಗಿದೆ? 2007ರಲ್ಲಿ ಇಲಿನಾಯ್ ರಾಜ್ಯದ ಅನುದಾನವು ನಿಂತಾಗ ಚಿಕಾಗೋದ ಅನೇಕ ಕಡೆಗಳಲ್ಲಿ ಈ ಕಾರ್ಯವೂ ನಿಂತಿತು. ನಿನ್ನೆಯ ಅಪರಾಧಿಯನ್ನು ಎಲ್ಲರಿಗಿಂತ ಅಪಾಯದ ಸ್ಥಳದಲ್ಲಿ ನಿಲ್ಲಿಸಿ, ಅವನ ಕೂಲಿಯನ್ನು ಎಲ್ಲಕ್ಕಿಂತ ಮೊದಲು ಕಡಿಯುವುದು ಯಾವ ನ್ಯಾಯ?

ಆದುದರಿಂದ ಮೊದಲಿನ ಪ್ರಶ್ನೆಗೆ ಉತ್ತರವನ್ನು ಹೀಗೆ ಹೇಳಬಹುದು: ಬೇಡವೆನ್ನಲು ಕೇವಲ ನಿರ್ಮಲನಾದವನೂ ಅಧಿಕಾರಿಯಲ್ಲ, ಕೇವಲ ನೊಂದವನೂ ಅಧಿಕಾರಿಯಲ್ಲ. ಮಾಡಿದುದನ್ನು ಮರೆಯದೆ, ಮತ್ತೆ ಮಾಡದೆ, ಪ್ರತಿದಿನವೂ ತನ್ನನ್ನು ತಿದ್ದಿಕೊಳ್ಳುವವನು ಅಧಿಕಾರಿ. ಆ ಅಧಿಕಾರವು ಒಮ್ಮೆ ಪಡೆದು ಕಾಪಿಡುವ ಪದವಿಯಲ್ಲ. ನಡೆದಷ್ಟು ದಿನ ಮಾತ್ರ ಉಳಿಯುವುದು. ತಿದ್ದಿಕೊಂಡವನಿಗೆ ಕೆಲಸವನ್ನೂ ಕೂಲಿಯನ್ನೂ ಗೌರವವನ್ನೂ ಕೊಡದೆ ಅವನು ಜಾರಲೆಂದು ಕಾದಿರುವ ಗೃಹಸ್ಥನು, ಆ ಜಾರುವಿಕೆಯಲ್ಲಿ ತನ್ನ ಪಾಲೂ ಇದೆಯೆಂಬುದನ್ನು ಅರಿಯಬೇಕು.