ಮರೆತವರ ಹೆಬ್ಬೆಟ್ಟು

ಶಿಡ್ಲಘಟ್ಟದಲ್ಲಿಯೋ ಚಿಂತಾಮಣಿಯಲ್ಲಿಯೋ ತಾಲ್ಲೂಕು ಕಚೇರಿಗೆ ಮರೆವಿನ ರೋಗಕ್ಕೆ ತುತ್ತಾದ ತಂದೆಯನ್ನು ಮಗನು ಕರೆತರುತ್ತಾನೆ ಎಂದಿಟ್ಟುಕೊಳ್ಳಿ. ತಂದೆಗೆ ಮಗನ ಹೆಸರೂ ನೆನಪಿಲ್ಲ. ಕಾಗದವಾದರೋ ಅವರ ಹೆಬ್ಬೆಟ್ಟನ್ನೇ ಕೇಳುತ್ತದೆ. ಅರಿವಿಲ್ಲದವರ ಬೆರಳನ್ನು ಹಿಡಿದು ಒತ್ತಿಸುವುದು ಸೇವೆಯೋ, ಅಪಹಾರವೋ?

ಎಲ್ಲ ಕಾಗದಗಳೂ ಒಂದೇ ಅಲ್ಲ. ಪಿಂಚಣಿಗಾಗಿ ವರ್ಷಕ್ಕೊಮ್ಮೆ ಸಲ್ಲಿಸುವ ಜೀವಂತ ಪ್ರಮಾಣಪತ್ರವು ಹಿರಿಯರು ಬದುಕಿರುವರೆಂದಷ್ಟೇ ಹೇಳುತ್ತದೆ. ಅದು ಸತ್ಯ, ಅದರ ಫಲವೂ ಅವರದೇ. ಬೆರಳಚ್ಚು ಸವೆದವರಿಗೆ 2021ರಿಂದ ಮುಖವನ್ನು ಗುರುತಿಸುವ ವಿಧಾನವೂ ಬಂದಿದೆ. ಜಮೀನಿನ ಕ್ರಯಪತ್ರ, ದಾನಪತ್ರಗಳು ಮಾತ್ರ ಅವರು ಒಪ್ಪಿದರೆಂದು ಸಾರುತ್ತವೆ. ತಿಳಿಯದವರು ಒಪ್ಪುವುದೆಂತು? ಅಲ್ಲಿ ಬೆರಳು ಅವರದು, ಇಚ್ಛೆ ಪರರದು.

1872ರ ಕರಾರು ಕಾಯ್ದೆಯೂ ಈ ಭೇದವನ್ನು ಬಲ್ಲದು. ಸ್ವಸ್ಥಬುದ್ಧಿಯಿಲ್ಲದಾಗ ಮಾಡಿದ ಕರಾರು ನಿಲ್ಲದು. ಮೊದಲೇ ಬರೆದುಕೊಟ್ಟ ಜಿ.ಪಿ.ಎ. ಅಧಿಕಾರಪತ್ರವೂ ಬುದ್ಧಿ ಕೆಟ್ಟಾಗ ಸಾಮಾನ್ಯವಾಗಿ ಕೊನೆಗೊಳ್ಳುತ್ತದೆ. ಆದರೆ ನಡುವೆ ಅರಿವು ತಿಳಿಯಾದ ವೇಳೆಯಲ್ಲಿ ಮಾಡಿದ ಒಪ್ಪಂದಕ್ಕೆ ಮಾನ್ಯತೆಯುಂಟು. ಆದುದರಿಂದ ಮರೆವಿನ ಮೊದಲ ಸೂಚನೆ ಕಂಡಾಗಲೇ ವೈದ್ಯರನ್ನೂ ವಕೀಲರನ್ನೂ ಕಂಡು, ಹಿರಿಯರ ಇಷ್ಟವನ್ನು ಅವರ ಬಾಯಿಂದಲೇ ಕೇಳಿ ಬರೆಯಿಸಿಡುವುದು ವಿವೇಕ. ಕಾಲ ಮೀರಿದ್ದರೆ ನ್ಯಾಯಾಲಯದ ಮೂಲಕ ಪೋಷಕರ ನೇಮಕವಾಗಲಿ. ಅದು ತಡವಾದ ದಾರಿಯಾದರೂ ನೇರವಾದುದು.

“ಹೇಗಿದ್ದರೂ ಆಸ್ತಿ ನಮಗೇ ಬರುವುದಲ್ಲವೇ?” ಎನ್ನುವವರುಂಟು. ನಾಳೆ ಬರಬೇಕಾದುದನ್ನು ಇಂದೇ ತೆಗೆದುಕೊಳ್ಳುವುದಕ್ಕೆ ಲೋಕವು ಬೇರೆ ಹೆಸರಿಟ್ಟಿದೆ. ಬಂಧುಗಳೇ, ಹೆಬ್ಬೆಟ್ಟು ಒತ್ತಿಸುವ ಮುನ್ನ ಕಾಗದವನ್ನು ಅವರಿಗೆ ಓದಿ ಹೇಳಿರಿ, ಅವರಿಗೆ ತಿಳಿಯದಿದ್ದರೂ ಸರಿಯೇ. ಓದಲು ನಾಲಗೆ ಹಿಂಜರಿದರೆ, ಆ ಕಾಗದವನ್ನು ಅಲ್ಲಿಯೇ ಮಡಿಸಿಡಿರಿ.