ಕೋವಿ ಕೊಳ್ಳುವ ಮುನ್ನ

ಉಳ್ಳಾಲದ ಕಡಲ ಬದಿಯಲ್ಲಿ ಮನೆ ಮಾಡಿದವರಿಗೆಲ್ಲ ಗೊತ್ತು, ಇಲ್ಲಿ ಕಬ್ಬಿಣಕ್ಕೆ ಆಯುಷ್ಯ ಕಡಿಮೆ. ಕಿಟಕಿಯ ಸರಳು, ಗೇಟಿನ ಕೀಲು, ಬಾವಿಯ ರಾಟೆ, ಯಾವುದನ್ನೂ ಉಪ್ಪುಗಾಳಿ ಬಿಡುವುದಿಲ್ಲ. ಇಂಥ ಊರಲ್ಲಿ ವಾಸ, ಮುಡಿಪು ಕಡೆ ಒಂದಿಷ್ಟು ಅಡಿಕೆ ತೋಟ ಇರುವ ಪರಿಚಿತರೊಬ್ಬರು ಮೊನ್ನೆ ಕೇಳಿದರು: "ಕಡಿಮೆ ದುಡ್ಡಿಗೆ ಒಂದು ನಂಬಿಗಸ್ತ ಬೋಲ್ಟ್ ರೈಫಲ್ ಸಿಕ್ಕೀತಾ ಮಾರಾಯ್ರೆ? ಹಂದಿ ಕಾಟ ತಡೆಯಲಿಕ್ಕೆ ಆಗುವುದಿಲ್ಲ."

ಅವರ ಆಸೆಯಲ್ಲಿ ತಪ್ಪೇನಿಲ್ಲ. ಬೋಲ್ಟಿನ ಹಿಡಿಯನ್ನು ಎತ್ತಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಗೆ, ಮುಂದಕ್ಕೆ ದೂಡಿದರೆ ಹೊಸದು ಒಳಗೆ. ಕೈಯಿಂದಲೇ ನಡೆಯುವ ಇಷ್ಟು ಸರಳ ಯಂತ್ರ ಸುಲಭಕ್ಕೆ ಕೆಡುವುದಿಲ್ಲ. ಜರ್ಮನಿಯ ಮೌಸರ್ 1898ರಲ್ಲಿ ತಂದ ಮಾದರಿಯನ್ನೇ ಇಂದಿಗೂ ಎಷ್ಟೋ ಕಂಪನಿಗಳು ಅನುಸರಿಸುತ್ತಿವೆ. ನಮ್ಮಲ್ಲಿ ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲ್ ಕೂಡ ಬೋಲ್ಟಿನದೇ. ಆದರೆ ಬೇಟೆಯ ಕಾಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಮುಗಿದಿದೆ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳನ್ನು ಓದಿ ಬೆಳೆದ ನಮಗೆ ರೈಫಲ್ ಎಂದೊಡನೆ ನರಭಕ್ಷಕನ ಹೆಜ್ಜೆಗುರುತು ನೆನಪಾಗುತ್ತದೆ. ತೋಟಕ್ಕೆ ಬರುವ ಹಂದಿ ಆ ಕಥೆಯ ಪಾತ್ರವಲ್ಲ. ಅದನ್ನು ಕೊಲ್ಲುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಕೋವಿಯ ಲೈಸೆನ್ಸ್ ಇದ್ದ ಮಾತ್ರಕ್ಕೆ ಆ ಹಕ್ಕು ಬರುವುದಿಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆ ಈ ವಿಷಯದಲ್ಲಿ ನಮಗಿಂತ ವಿವೇಕಿ. ಬೆಳೆ ರಕ್ಷಣೆಗೆಂದು ಅದು ಮೊದಲು ಹೇಳುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ, ನಳಿಗೆ ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ, ಒಳಮೈ ನುಣುಪಾದ ಬೇರೆ ಕೋವಿ. ರೈಫಲಿನ ಪ್ರಸ್ತಾಪ ಅಲ್ಲಿಲ್ಲ. ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ರೈಫಲಿನ ಗುಂಡು ಗುರಿ ತಪ್ಪಿದರೆ ಕಿಲೋಮೀಟರುಗಟ್ಟಲೆ ಹಾರುತ್ತದೆ. ಕೊಣಾಜೆ, ಹರೇಕಳದ ಗುಡ್ಡೆಗಳಲ್ಲೂ ಈಗ ತೋಟಕ್ಕೆ ತಾಗಿಕೊಂಡೇ ಮನೆ, ಶಾಲೆ, ಮಸೀದಿ, ದೈವಸ್ಥಾನಗಳಿವೆ. ಚರೆ ತುಂಬಿದ ಕೋವಿಯ ಹೊಡೆತ ಅಷ್ಟು ದೂರ ಹೋಗದು. ಸದ್ದು ಮಾತ್ರ ಬೇಕಾದಷ್ಟು ಬರುತ್ತದೆ. ತೋಟಕ್ಕೆ ಹೆಚ್ಚಾಗಿ ಬೇಕಾಗಿರುವುದೂ ಆ ಸದ್ದೇ ಅಲ್ಲವೆ? ಅದಕ್ಕಾದರೆ ಗರ್ನಾಲೂ ಆದೀತು, ನೆರೆಹೊರೆಯವರು ಕೂಡಿ ಹಾಕುವ ಸೌರ ಬೇಲಿ ಇನ್ನೂ ಒಳ್ಳೆಯದು.

ಇಷ್ಟಾದ ಮೇಲೂ ಕೋವಿ ಬೇಕೇ ಬೇಕು ಎನ್ನುವವರು ಲೈಸೆನ್ಸ್ ಕೈಗೆ ಬಂದ ಬಳಿಕ ಅಂಗಡಿಗೆ ಹೋಗಲಿ. ಹಳೆಯದಾದರೂ ಅಡ್ಡಿಯಿಲ್ಲ. ಖಾಲಿ ಇದೆಯೆಂದು ಖಚಿತಪಡಿಸಿಕೊಂಡು, ನಳಿಗೆಯೊಳಗೆ ಬೆಳಕು ಹಾಯಿಸಿ ತುಕ್ಕಿನ ಗುಳಿಗಳಿವೆಯೇ ನೋಡಬೇಕು. ಮರದ ಹಿಡಿಯಲ್ಲಿ ಬಿರುಕು ಇರಬಾರದು, ಸುರಕ್ಷತಾ ಕೀಲು ಜಾರಬಾರದು, ಕೊರೆದ ಸಂಖ್ಯೆ ಕಾಗದದೊಂದಿಗೆ ತಾಳೆಯಾಗಬೇಕು. ಬಣ್ಣ, ಹೊಳಪುಗಳಿಗೆ ಕೊಡುವ ಹಣವನ್ನು ಬೀಗವಿರುವ ಗಟ್ಟಿ ಪೆಟ್ಟಿಗೆಗೂ, ನಮ್ಮ ಈ ಗಾಳಿಗೆ ಬೇಕಾಗುವ ಎಣ್ಣೆಗೂ ಉಳಿಸಿಕೊಳ್ಳುವುದು ಲೇಸು. 2016ರ ನಿಯಮಾವಳಿಯಂತೆ ಸುರಕ್ಷತಾ ತರಬೇತಿಯೂ ಆಗಬೇಕು. ಅದನ್ನು ಕಾಟಾಚಾರವೆಂದು ಮುಗಿಸಬಾರದು. ನಂಬಿಗಸ್ತ ಕೋವಿಯನ್ನು ಹುಡುಕುವ ಶ್ರಮದಲ್ಲಿ ಅರ್ಧದಷ್ಟನ್ನಾದರೂ, ಅದನ್ನು ಹಿಡಿಯುವ ಕೈ ನಂಬಿಗಸ್ತವೇ ಎಂದು ನೋಡುವುದಕ್ಕೆ ಮೀಸಲಿಡಬೇಡವೆ? ಮುಂಗೋಪಿ, ಕುಡುಕ, ಮಕ್ಕಳ ಕೈಗೆ ಬೀಗದ ಕೈ ಸಿಗುವಂತೆ ಇಡುವ ಅಜಾಗರೂಕ, ಇವರಿಗೆ ಯಾವ ಬೆಲೆಯ ಕೋವಿಯೂ ಅಗ್ಗವಲ್ಲ.

ಕೊನೆಗೊಂದು ಮಾತು. ಅಜ್ಜನ ಹೆಸರಿನ ಕೋವಿ ಅಟ್ಟದಲ್ಲೋ ಕಪಾಟಿನ ಹಿಂದೆಯೋ ಬಿದ್ದುಕೊಂಡಿರುವ ಮನೆಗಳು ನಮ್ಮ ಕಡೆ ಇವೆ. ಲೈಸೆನ್ಸುದಾರರು ತೀರಿಕೊಂಡಿದ್ದರೆ ಅದನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲೋ ಅಧಿಕೃತ ಕೋವಿ ಅಂಗಡಿಯಲ್ಲೋ ಠೇವಣಿ ಇಟ್ಟು ರಶೀದಿ ಪಡೆಯಿರಿ. ಯಾರ ಹೆಸರಿಗೆ ಮಾಡಿಸಬೇಕು ಎಂಬ ಚರ್ಚೆ ಆಮೇಲೆ ನಡೆಯಲಿ.