ಕುಟುಂಬವೋ, ಕುರ್ಚಿಯೋ?

ಹಾವೇರಿ ಸೀಮೆಯ ಹಿರೇಕೆರೂರು ತಾಲ್ಲೂಕಿನ ಅಬಲೂರಿಗೆ ಹೊಂದಿಕೊಂಡು ಸರ್ವಜ್ಞನ ಹುಟ್ಟಿನ ಕಥೆಯೊಂದು ಚಾಲ್ತಿಯಲ್ಲಿದೆ. ತಂದೆ ಮಾಸೂರಿನ ಬ್ರಾಹ್ಮಣ ಬಸವರಸ, ತಾಯಿ ಅಬಲೂರಿನ ಕುಂಬಾರಗಿತ್ತಿ ಮಾಳಿ. ಆ ಮನೆಗೂ ಸಲ್ಲದೆ ಈ ಮನೆಗೂ ಸಲ್ಲದೆ ಹುಡುಗ ಹೊರಬಿದ್ದ, ಊರೂರು ಅಲೆಯುತ್ತ ತ್ರಿಪದಿ ಹೇಳಿದ. ಇದರಲ್ಲಿ ಇತಿಹಾಸವೆಷ್ಟು, ಐತಿಹ್ಯವೆಷ್ಟು ಎಂಬ ಜಗಳ ಪಂಡಿತರಿಗಿರಲಿ. ಕಥೆ ಎತ್ತುವ ಪ್ರಶ್ನೆ ಮಾತ್ರ ಗಟ್ಟಿಯಾದದ್ದು: ಮನೆತನವೆಂಬುದು ಇರುವುದು ಒಳಗೆ ಕರೆದುಕೊಳ್ಳಲಿಕ್ಕೋ, ಹೊರಗಿಡಲಿಕ್ಕೋ?

ದೇಶಗಳ ನಡುವೆಯೂ ಇದೇ ಪ್ರಶ್ನೆ ಏಳುತ್ತದೆ. 2023ರಲ್ಲಿ ಜಿ-20ರ ಅಧ್ಯಕ್ಷತೆ ವಹಿಸಿದ್ದ ಭಾರತ ವರ್ಷವಿಡೀ ‘ವಸುಧೈವ ಕುಟುಂಬಕಂ’, ಅಂದರೆ ಭೂಮಿಯೇ ಒಂದು ಕುಟುಂಬ, ಎಂದು ಸಾರಿತು. ಆಫ್ರಿಕನ್ ಒಕ್ಕೂಟವನ್ನು ಸೇರಿಸಿಕೊಳ್ಳುವ ಪ್ರಸ್ತಾವ ಜುಲೈನಲ್ಲಿ ಹಂಪಿಯಲ್ಲಿ ನಡೆದ ಶೆರ್ಪಾಗಳ (ನಾಯಕರ ಪ್ರತಿನಿಧಿಗಳ) ಸಭೆಯ ಹೊತ್ತಿಗೆ ಶೃಂಗಸಭೆಯ ಘೋಷಣೆಯ ಕರಡಿಗೆ ಬಂತು. ಸೆಪ್ಟೆಂಬರ್ 9ರಂದು ದೆಹಲಿಯಲ್ಲಿ ಒಪ್ಪಿಗೆಯ ಸುತ್ತಿಗೆ ಬಿತ್ತು. ಒಕ್ಕೂಟದ ಅಂದಿನ ಅಧ್ಯಕ್ಷ, ಕೊಮೊರೊಸ್‌ನ ಅಜಾಲಿ ಅಸ್ಸೌಮಾನಿ ಅವರನ್ನು ವಿದೇಶಾಂಗ ಸಚಿವ ಜೈಶಂಕರ್ ಕರೆತಂದರು, ಪ್ರಧಾನಿ ಅಪ್ಪಿಕೊಂಡರು, 55 ದೇಶಗಳ ಒಕ್ಕೂಟ ಕಾಯಂ ಸದಸ್ಯನಾಗಿ ಕುಳಿತಿತು. ಪತ್ರಿಕೆಗಳು ಅಪ್ಪುಗೆಯ ಫೋಟೊ ಹಾಕಿದವು. ಆದರೆ ಅಂದು ನಿಜವಾಗಿ ಬದಲಾದದ್ದು ಕುರ್ಚಿಯ ಲೆಕ್ಕ.

ಘೋಷವಾಕ್ಯದ ಮೂಲವನ್ನು ಕೊಂಚ ಕೆದಕಬೇಕು. ಮಹೋಪನಿಷತ್ತಿನಲ್ಲಿ ಅದು ‘ನನ್ನದು, ಪರರದು’ ಎಂಬ ಎಣಿಕೆಯನ್ನೇ ದಾಟಿದ ಉದಾರಿಯ ಲಕ್ಷಣ. ಅದೇ ಮಾತು ಹಿತೋಪದೇಶದಲ್ಲೂ ಬರುತ್ತದೆ, ಆದರೆ ಅಲ್ಲಿ ಆಡುವುದು ನರಿ. ಕೊಬ್ಬಿದ ಜಿಂಕೆಯ ಮೇಲೆ ಕಣ್ಣಿಟ್ಟು ಸ್ನೇಹ ಬೆಳೆಸಲು ಬಂದಿದೆ. ಗುರುತು ಪರಿಚಯವಿಲ್ಲದವನನ್ನು ನಂಬಬೇಡ ಎಂದು ಕಾಗೆ ಎಚ್ಚರಿಸಿದಾಗ ನರಿಯ ಬಾಯಿಂದ ಈ ತತ್ವ ಉದುರುತ್ತದೆ. ನಮ್ಮ ಹಿರಿಯರು ಉದಾತ್ತ ಮಾತನ್ನು ಋಷಿಗೂ ಕೊಟ್ಟರು, ನರಿಗೂ ಕೊಟ್ಟರು. ರಾಜ್ಯಗಳು ವಿರಾಗಿಗಳಲ್ಲ. ಎಣಿಕೆ ಬಿಟ್ಟರೆ ಅವುಗಳ ದಿನ ಸಾಗುವುದೂ ಇಲ್ಲ. ಹಾಗಿರುವಾಗ ಒಂದು ಸರ್ಕಾರ ಒಂದು ಖಂಡವನ್ನು ‘ನಮ್ಮ ಮನೆಯವರು’ ಎಂದರೆ ಅದರಿಂದ ಯಾವ ಹೊಣೆ ಹುಟ್ಟುತ್ತದೆ?

ಹಾವೇರಿ ಸೀಮೆಯ ಇನ್ನೊಬ್ಬರ ಕಥೆ ಇಲ್ಲಿ ನೆರವಿಗೆ ಬರುತ್ತದೆ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಉಡುಪಿಗೆ ಹೋದಾಗ ಒಳಗೆ ಬಿಡಲಿಲ್ಲ, ಕೃಷ್ಣನೇ ಪಶ್ಚಿಮಕ್ಕೆ ತಿರುಗಿದ, ಗೋಡೆ ಬಿರಿದು ಕಿಂಡಿಯಾಯಿತು ಎಂಬ ಕಥೆ ಎಲ್ಲರಿಗೂ ಗೊತ್ತು. ಭಕ್ತಿಯ ದೃಷ್ಟಿಯಿಂದ ಅದಕ್ಕಿಂತ ದೊಡ್ಡ ಗೌರವವಿಲ್ಲ. ಆದರೂ ಒಂದು ಮಾತು ಉಳಿಯುತ್ತದೆ. ದೇವರೇ ತಿರುಗಿದ ಮೇಲೂ ಬಾಗಿಲು ತೆರೆದ ಸುದ್ದಿ ಆ ಕಥೆಯಲ್ಲಿಲ್ಲ. ಜಿ-20ರಲ್ಲಿ ಆಫ್ರಿಕನ್ ಒಕ್ಕೂಟದ ಪಾಡೂ ಹೀಗೇ ಇತ್ತು. ಯುರೋಪಿನ ಒಕ್ಕೂಟಕ್ಕೆ 1999ರಿಂದಲೂ ಸದಸ್ಯತ್ವ. ಆಫ್ರಿಕದಿಂದ ದಕ್ಷಿಣ ಆಫ್ರಿಕ ಒಂದೇ. ಒಕ್ಕೂಟ ಬರುತ್ತಿದ್ದುದು ಆಹ್ವಾನಿತ ಅತಿಥಿಯಾಗಿ. ಅತಿಥಿಗೆ ಉಪಚಾರ ಸಿಗುತ್ತದೆ, ಅಜೆಂಡಾ ತಿದ್ದುವ ಹಕ್ಕು ಸಿಗುವುದಿಲ್ಲ.

ಆಫ್ರಿಕ ಹಾವೇರಿ ಸೀಮೆಗೆ ದೂರದ್ದೂ ಅಲ್ಲ. ಸವಣೂರಿನ ದೊಡ್ಡಹುಣಸೆ ಕಲ್ಮಠದಲ್ಲಿ ಏಳೆಂಟು ಜನ ಕೈಕೈ ಹಿಡಿದರೂ ತಬ್ಬಲಾಗದ ಬಾವೊಬಾಬ್ ಮರಗಳಿವೆ. ಬಿಳಿ ಹೂ ಜೋತುಬಿದ್ದು ರಾತ್ರಿ ಅರಳುತ್ತದೆ. ಮಖಮಲ್ಲಿನಂಥ ಸಿಪ್ಪೆಯ ಕಾಯೊಡೆದರೆ ಒಣಗಿದ ಹುಳಿ ತಿರುಳು. ಆಫ್ರಿಕದ ಈ ಮರ ಸವಣೂರಿಗೆ ಬಂದದ್ದು ಅರಬ್ ವರ್ತಕರಿಂದಲೋ ಸೈನಿಕರಿಂದಲೋ ಎಂದು ತಿಳಿದವರು ಊಹಿಸುತ್ತಾರೆ, ಊರವರ ಕಥೆಯಲ್ಲಿ ತಂದವನು ಶ್ರೀಕೃಷ್ಣ. 2023ರ ಮಳೆಗಾಲದಲ್ಲಿ ಮೂರರಲ್ಲಿ ಒಂದು ಬುಡಮೇಲಾದಾಗ ಕ್ರೇನ್ ತರಿಸಿ ಮತ್ತೆ ನೆಟ್ಟರು. ‘ಪರದೇಶದ್ದು, ಹೋದರೆ ಹೋಗಲಿ’ ಎಂದು ಬಿಡಲಿಲ್ಲ.

ಮರಕ್ಕೆ ಸಿಕ್ಕ ಈ ಭಾಗ್ಯ ಮನುಷ್ಯರಿಗೆ ಸಿಗಲು ತಡವಾಯಿತು. ಹಾನಗಲ್, ಶಿಗ್ಗಾವಿಗೆ ಅಂಟಿಕೊಂಡ ಮುಂಡಗೋಡದಲ್ಲಿ, ಅದರಾಚೆ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರು, ಅರಬ್ಬರು ಆಫ್ರಿಕದಿಂದ ಗುಲಾಮರಾಗಿ ತಂದವರ ಸಂತತಿ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರುಂಟು, ಮಾತು ಕನ್ನಡ, ಕೊಂಕಣಿ. ಹಾಗಿದ್ದೂ ಪೇಟೆಗೆ ಬಂದರೆ ‘ಯಾವ ದೇಶ?’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಅವರ ಸ್ಥಿತಿ ಒಂದಿಷ್ಟು ಅಲುಗಿದ್ದು ಯಾರೋ ಅಣ್ಣತಮ್ಮ ಎಂದು ಕರೆದದ್ದರಿಂದಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಒಂದು ಪಟ್ಟಿ, ಒಂದು ಸ್ಥಾನ: ಭಾವುಕತೆಯಿಲ್ಲದ, ಬರವಣಿಗೆಯಲ್ಲಿರುವ ಸಂಗತಿಗಳು.

ಕುಟುಂಬದೊಳಗೆ ಹಿರಿಯ, ಕಿರಿಯ ಎಂಬುದು ತಾನಾಗಿ ಬಂದು ಕೂರುತ್ತದೆ. ಹಿರಿಯ ಕೊಡುವವನು, ಕಿರಿಯ ಕೈಯೊಡ್ಡುವವನು. 2015ರ ಭಾರತ–ಆಫ್ರಿಕ ಶೃಂಗಸಭೆಯಲ್ಲಿ ದೆಹಲಿ 1,000 ಕೋಟಿ ಡಾಲರ್ ರಿಯಾಯಿತಿ ಸಾಲದ ಭರವಸೆ ಕೊಟ್ಟಿತು. 2008 ಮತ್ತು 2011ರ ನಂತರ ಆ ಸಭೆ ಮೂರನೆಯದು. ಮುಂದಿನ ಹತ್ತು ವರ್ಷ ನಾಲ್ಕನೆಯದು ನಡೆಯಲಿಲ್ಲ. ಮನೆಯವರ ನಡುವೆ ಇಂಥ ಅಂತರಕ್ಕೆ ಕಾರಣ ಕೊಡುವ ಗೊಡವೆ ಇಲ್ಲ. ಸಮಾನ ಸದಸ್ಯನಾದರೆ ಕೇಳುತ್ತಾನೆ.

ಕೇಳಿದ್ದೂ ಉಂಟು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕಾಯಂ ಸ್ಥಾನಕ್ಕಾಗಿ 2005ರಲ್ಲಿ ಭಾರತ, ಜಪಾನ್, ಜರ್ಮನಿ, ಬ್ರೆಜಿಲ್ ಒಟ್ಟಾಗಿ ಕರಡು ನಿರ್ಣಯ ತಂದವು. ಅದರಲ್ಲಿ ಆಫ್ರಿಕಕ್ಕೂ ಎರಡು ಕಾಯಂ ಸ್ಥಾನಗಳಿದ್ದವು, ವೀಟೊ ಪ್ರಶ್ನೆಯನ್ನು ಮಾತ್ರ 15 ವರ್ಷ ಮುಂದೂಡೋಣ ಎಂದಿತ್ತು. ಆಗ 53 ದೇಶಗಳಿದ್ದ ಆಫ್ರಿಕನ್ ಒಕ್ಕೂಟ ವೀಟೊ ಇಲ್ಲದ ಕುರ್ಚಿ ಬೇಡವೆಂದು, ವೀಟೊ ಸಹಿತ ಕಾಯಂ ಸ್ಥಾನ ಕೇಳುವ ತನ್ನ ಎಜುಲ್ವಿನಿ ಒಮ್ಮತಕ್ಕೆ ಅಂಟಿಕೊಂಡಿತು. ಒಕ್ಕೂಟದ ಮತಗಳಿಲ್ಲದೆ ನಿರ್ಣಯ ಬಿದ್ದುಹೋಯಿತು. ದೆಹಲಿಯ ಅಪ್ಪುಗೆಯ ಆಚೆಗೂ ಆ ಬೇಡಿಕೆಯನ್ನು ಒಕ್ಕೂಟ ಕೈಬಿಟ್ಟಿಲ್ಲ, ತನ್ನ ಸ್ಥಾನದ ಆಸೆಯನ್ನು ಭಾರತವೂ ಬಿಟ್ಟಿಲ್ಲ.